ಒಂದೇ ಪಟ್ಟಿ, ಹಲವು ಫಿಲ್ಟರ್: ಡಬ್ಲ್ಯುಪಿಎಫ್ ವ್ಯೂಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮೊಬೈಲ್ ರಿಪೇರಿ ಅಂಗಡಿಗೆ ಒಂದು ಡೆಸ್ಕ್‌ಟಾಪ್ ಸಾಫ್ಟ್‌ವೇರ್ ಬರೆಯುತ್ತಿದ್ದೀರಿ ಅಂದುಕೊಳ್ಳಿ. ರಿಪೇರಿಗೆ ಬಂದ ಪ್ರತಿ ಫೋನ್‌ಗೂ ಒಂದು ಜಾಬ್ ಕಾರ್ಡ್, ಎಲ್ಲ ಕಾರ್ಡ್‌ಗಳೂ ಒಂದೇ ಪಟ್ಟಿಯಲ್ಲಿವೆ. ಎಡಗಡೆ ಇನ್ನೂ ಬಿಚ್ಚದ ಫೋನ್‌ಗಳು, ನಡುವೆ ರಿಪೇರಿಯಲ್ಲಿರುವವು, ಬಲಗಡೆ ಗಿರಾಕಿ ಬಂದು ಒಯ್ಯಬೇಕಾದವು ಕಾಣಬೇಕು. ಮೇಲೊಂದು ಹುಡುಕುವ ಬಾಕ್ಸ್ ಇರಬೇಕು. ಈ ಪುಟದ ಉತ್ತರಗಳೆಲ್ಲ ಇದೇ ಉದಾಹರಣೆಯ ಸುತ್ತ ಇವೆ. ಮಾತು ಮುಖ್ಯವಾಗಿ ಡಬ್ಲ್ಯುಪಿಎಫ್‌ನದು, ಅಂದರೆ ವಿಂಡೋಸ್ ಸಾಫ್ಟ್‌ವೇರ್‌ನ ಸ್ಕ್ರೀನ್‌ಗಳನ್ನು ಕಟ್ಟಲು ಮೈಕ್ರೋಸಾಫ್ಟ್ ಕೊಡುವ ಟೂಲ್‌ಕಿಟ್‌ನದು. ಬೇರೆ ಟೂಲ್‌ಕಿಟ್ ಬಳಸುವವರಿಗೂ ಕೆಳಗೆ ಜಾಗ ಇದೆ.

ಒಂದು ಲಿಸ್ಟ್‌ಬಾಕ್ಸ್‌ಗೆ ಫಿಲ್ಟರ್ ಹಾಕಿದೆ. ಪಕ್ಕದ ಎರಡೂ ಲಿಸ್ಟ್‌ಬಾಕ್ಸ್‌ಗಳಲ್ಲೂ ಸಾಲುಗಳು ಮಾಯವಾದವು. ಯಾಕೆ?

ಈ ಪುಟಕ್ಕೆ ಬರುವವರಲ್ಲಿ ಹೆಚ್ಚಿನವರ ಪ್ರಶ್ನೆ ಇದೇ. ಫಿಲ್ಟರ್ ಇರುವುದು ಲಿಸ್ಟ್‌ಬಾಕ್ಸ್‌ನಲ್ಲಿ ಅಲ್ಲ, ನಿಮ್ಮ ಪಟ್ಟಿಯಲ್ಲೂ ಅಲ್ಲ. ಅವೆರಡರ ನಡುವೆ ಒಂದು ವ್ಯೂ ಇರುತ್ತದೆ, ಫಿಲ್ಟರ್ ಅದರದ್ದು. ವಿಂಗಡಣೆ, ಗುಂಪು ಮಾಡುವುದು, ಈಗ ಯಾವ ಸಾಲಿನ ಮೇಲಿದ್ದೇವೆ ಅನ್ನುವುದು, ಇವೂ ವ್ಯೂ ಕೈಯಲ್ಲೇ ಇವೆ.

ಲಿಸ್ಟ್‌ಬಾಕ್ಸ್ ಸಾಲುಗಳನ್ನು ಎಲ್ಲಿಂದ ತರಬೇಕು ಅಂತ ಹೇಳುವ ಪ್ರಾಪರ್ಟಿ ಐಟಮ್ಸ್‌ಸೋರ್ಸ್. ನೀವು ಪಟ್ಟಿಯನ್ನು ನೇರವಾಗಿ ಅದಕ್ಕೆ ಬೈಂಡ್ ಮಾಡಿದರೆ (ಜೋಡಿಸಿದರೆ) ಡಬ್ಲ್ಯುಪಿಎಫ್ ಆ ಪಟ್ಟಿಗೆ ಒಂದು ಡಿಫಾಲ್ಟ್ ವ್ಯೂ ಹುಟ್ಟುಹಾಕುತ್ತದೆ. ಪಟ್ಟಿ ಒಂದೇ ಆದರೆ ಡಿಫಾಲ್ಟ್ ವ್ಯೂ ಕೂಡ ಒಂದೇ. ಮೂರು ಲಿಸ್ಟ್‌ಬಾಕ್ಸ್ ಇಟ್ಟರೂ, ಮೂರು ವಿಂಡೋ ತೆರೆದರೂ ಎಲ್ಲವೂ ಅದನ್ನೇ ಹಂಚಿಕೊಳ್ಳುತ್ತವೆ. ಗೆಟ್‌ಡಿಫಾಲ್ಟ್‌ವ್ಯೂ ಕರೆದಾಗ ನಿಮ್ಮ ಕೈಗೆ ಬರುವುದೂ ಅದೇ ವ್ಯೂ. ಅದಕ್ಕೆ ಫಿಲ್ಟರ್ ಕಟ್ಟಿದರೆ ಎಲ್ಲ ಕಡೆಯೂ ಸಾಲುಗಳು ಕಡಿಮೆ ಆಗಲೇಬೇಕು. ಆದ್ದರಿಂದ ಇಂಥ ತೊಂದರೆ ಬಂದಾಗಲೆಲ್ಲ ಮೊದಲು ಕೇಳಿಕೊಳ್ಳಬೇಕಾದ್ದು ಇಷ್ಟೇ: ಈಗ ನನ್ನ ಕೈಯಲ್ಲಿರುವುದು ಯಾವ ವ್ಯೂ?

ನಾನು ಗೆಟ್‌ಡಿಫಾಲ್ಟ್‌ವ್ಯೂ ಮುಟ್ಟಿಯೇ ಇಲ್ಲ. ಆ ಒಂದು ಲಿಸ್ಟ್‌ಬಾಕ್ಸ್‌ನ ಐಟಮ್ಸ್‌ಗೆ ಮಾತ್ರ ಫಿಲ್ಟರ್ ಹಾಕಿದೆ. ಆದರೂ ಹೀಗಾಯಿತಲ್ಲ?

ಹೆಸರು ನೋಡಿದರೆ ಅದು ಆ ಲಿಸ್ಟ್‌ಬಾಕ್ಸ್‌ನ ಸ್ವಂತ ಆಸ್ತಿ ಅನ್ನಿಸುತ್ತದೆ. ಆದರೆ ಐಟಮ್ಸ್‌ಸೋರ್ಸ್ ಕೊಟ್ಟ ಮೇಲೆ ಐಟಮ್ಸ್ ಅನ್ನುವುದು ಒಳಗಿನ ವ್ಯೂಗೆ ಮಾತು ದಾಟಿಸುವ ಮಧ್ಯವರ್ತಿ ಮಾತ್ರ. ಒಳಗಿರುವುದು ಡಿಫಾಲ್ಟ್ ವ್ಯೂ ಆಗಿದ್ದರೆ ಫಿಲ್ಟರ್ ಹೋಗಿ ಕೂರುವುದು ಅಲ್ಲಿಯೇ.

ಹಾಗಾದರೆ ಮೂರು ಕಡೆ ಮೂರು ಫಿಲ್ಟರ್ ಬೇಕಾದರೆ ಏನು ಮಾಡಬೇಕು?

ಮೂರು ವ್ಯೂ ಮಾಡಿ. ಪಟ್ಟಿ ಒಂದೇ ಇರಲಿ.

ಸ್ಕ್ರೀನ್‌ನ ವಿನ್ಯಾಸ ಬರೆಯುವ ಝ್ಯಾಮಲ್‌ನಲ್ಲಿ (XAML) ಮಾಡುವುದಾದರೆ ರಿಸೋರ್ಸ್‌ಗಳಲ್ಲಿ ಮೂರು ಕಲೆಕ್ಷನ್‌ವ್ಯೂಸೋರ್ಸ್ ಬರೆಯಿರಿ. ಮೂರಕ್ಕೂ ಸೋರ್ಸ್ ಅದೇ ಪಟ್ಟಿ, ಕೀ ಮಾತ್ರ ಬೇರೆ. ಪ್ರತಿಯೊಂದೂ ತನ್ನದೇ ವ್ಯೂ ಮಾಡಿಕೊಳ್ಳುತ್ತದೆ. ಫಿಲ್ಟರ್ ಅನ್ನುವ ಈವೆಂಟ್‌ಗೆ ಹ್ಯಾಂಡ್ಲರ್ ಕೊಡಿ. ಹ್ಯಾಂಡ್ಲರ್‌ಗೆ ಒಂದೊಂದೇ ಐಟಂ ಬರುತ್ತದೆ, ಬೇಡದ್ದಕ್ಕೆ ಆಕ್ಸೆಪ್ಟೆಡ್ ಅನ್ನು ಫಾಲ್ಸ್ ಮಾಡಿದರೆ ಆಯಿತು. ಆಮೇಲೆ ಲಿಸ್ಟ್‌ಬಾಕ್ಸ್‌ನ ಐಟಮ್ಸ್‌ಸೋರ್ಸ್ ಅನ್ನು ಪಟ್ಟಿಗಲ್ಲ, ಈ ಕಲೆಕ್ಷನ್‌ವ್ಯೂಸೋರ್ಸ್‌ಗೆ ಬೈಂಡ್ ಮಾಡಿ. ಎರಡು ಲಿಸ್ಟ್‌ಬಾಕ್ಸ್‌ಗೆ ಒಂದೇ ಕೀ ಕೊಟ್ಟರೆ ಮತ್ತೆ ಅವೆರಡೂ ಜೋಡಿ ಕಟ್ಟಿಕೊಳ್ಳುತ್ತವೆ, ಅದನ್ನು ನೋಡಿಕೊಳ್ಳಿ.

ಕೋಡ್‌ನಲ್ಲೇ ಮಾಡುವುದಾದರೆ ಇನ್ನೂ ಸುಲಭ. ಅದೇ ಪಟ್ಟಿ ಕೊಟ್ಟು ಮೂರು ಲಿಸ್ಟ್‌ಕಲೆಕ್ಷನ್‌ವ್ಯೂ ಮಾಡಿ, ಪ್ರತಿಯೊಂದರ ಫಿಲ್ಟರ್‌ಗೆ ಹೌದು ಅಥವಾ ಇಲ್ಲ ಅನ್ನುವ ಒಂದು ಫಂಕ್ಷನ್ ಕೊಡಿ, ವ್ಯೂಮಾಡೆಲ್‌ನಿಂದ (ಸ್ಕ್ರೀನ್‌ಗೆ ಡೇಟಾ ಒದಗಿಸುವ ಕ್ಲಾಸ್) ಮೂರು ಪ್ರಾಪರ್ಟಿಯಾಗಿ ಹೊರಗೆ ಬಿಡಿ. ನನಗೆ ಈ ದಾರಿಯೇ ಇಷ್ಟ. ಯಾವ ಫಿಲ್ಟರ್ ಎಲ್ಲಿದೆ ಅಂತ ಕೋಡ್ ಓದಿದರೇ ಗೊತ್ತಾಗುತ್ತದೆ, ಝ್ಯಾಮಲ್ ಫೈಲ್‌ನಲ್ಲಿ ಹುಡುಕಾಡಬೇಕಿಲ್ಲ.

ಕೋಡ್‌ನಲ್ಲಿ ಕಲೆಕ್ಷನ್‌ವ್ಯೂಸೋರ್ಸ್ ಮಾಡಿ ಅದರ ವ್ಯೂ ಮಾತ್ರ ಇಟ್ಟುಕೊಂಡೆ. ಸ್ವಲ್ಪ ಹೊತ್ತು ಫಿಲ್ಟರ್ ಸರಿಯಾಗಿತ್ತು, ಆಮೇಲೆ ಎಲ್ಲ ಸಾಲೂ ಬರತೊಡಗಿತು.

ಕಲೆಕ್ಷನ್‌ವ್ಯೂಸೋರ್ಸ್ ವಸ್ತುವನ್ನು ನೀವು ಎಲ್ಲೂ ಹಿಡಿದಿಟ್ಟುಕೊಂಡಿಲ್ಲ, ಬಳಕೆಯಲ್ಲಿಲ್ಲದ ವಸ್ತುಗಳನ್ನು ಮೆಮೊರಿಯಿಂದ ತೆಗೆಯುವ ಗಾರ್ಬೇಜ್ ಕಲೆಕ್ಟರ್ ಅದನ್ನು ಗುಡಿಸಿಕೊಂಡು ಹೋಗಿದೆ. ಫಿಲ್ಟರ್ ಈವೆಂಟ್ ಇದ್ದದ್ದು ಅದರ ಮೇಲೆ. ವ್ಯೂ ಅದನ್ನು ಗಟ್ಟಿಯಾಗಿ ಹಿಡಿದಿರುವುದಿಲ್ಲ. ಹಾಗಾಗಿ ಅದು ಹೋದ ಮೇಲೆ ತಡೆಯುವವರು ಯಾರೂ ಇಲ್ಲ, ಎಲ್ಲವೂ ಪಾಸ್. ಕ್ಲಾಸ್‌ನ ಫೀಲ್ಡ್ ಒಂದರಲ್ಲಿ ಅದನ್ನು ಇಟ್ಟುಕೊಳ್ಳಿ, ಅಥವಾ ಲಿಸ್ಟ್‌ಕಲೆಕ್ಷನ್‌ವ್ಯೂ ಬಳಸಿ. ಈ ದೋಷ ನಿಮ್ಮ ಕಂಪ್ಯೂಟರ್‌ನಲ್ಲಿ ಕಾಣದೆ ಗಿರಾಕಿಯ ಕಂಪ್ಯೂಟರ್‌ನಲ್ಲಿ ಮಾತ್ರ ಕಾಣುವ ಜಾತಿಯದು.

ಇಷ್ಟೆಲ್ಲ ಯಾಕೆ? ಪಟ್ಟಿ ಸೋಸುವ ಲಿಂಕ್ (LINQ) ಸೌಲಭ್ಯದ ವೇರ್ ಬಳಸಿ ಮೂರು ಬೇರೆ ಪಟ್ಟಿ ಮಾಡಿಕೊಂಡರೆ ಸಾಲದಾ?

ತೆರೆದಾಗ ಒಮ್ಮೆ ತೋರಿಸಿ ಮುಗಿಯುವ ವರದಿಯಾದರೆ ಖಂಡಿತ ಸಾಕು, ಸುಮ್ನೆ ವ್ಯೂ ಹಿಂದೆ ಬೀಳಬೇಡಿ. ಆದರೆ ವೇರ್ ಹಾಕಿ ಟುಲಿಸ್ಟ್ ಕರೆದ ಕ್ಷಣ ನಿಮಗೆ ಸಿಗುವುದು ಆ ಹೊತ್ತಿನ ನಕಲು. ಆಮೇಲೆ ಮೂಲ ಪಟ್ಟಿಗೆ ಹೊಸ ಜಾಬ್ ಕಾರ್ಡ್ ಬಂದರೆ ನಕಲಿಗೆ ಗೊತ್ತಾಗುವುದಿಲ್ಲ. ಟುಲಿಸ್ಟ್ ಬಿಟ್ಟರೂ ಪ್ರಯೋಜನ ಇಲ್ಲ, ಪಟ್ಟಿ ಬದಲಾಗಿದೆ ಅಂತ ಸ್ಕ್ರೀನ್‌ಗೆ ಹೇಳುವವರೇ ಇರುವುದಿಲ್ಲ. ಆಗ ಕಾರ್ಡ್ ಒಂದು ನಕಲಿನಿಂದ ತೆಗೆದು ಇನ್ನೊಂದಕ್ಕೆ ಸೇರಿಸುವ ಕೋಡ್ ನೀವೇ ಬರೆಯುತ್ತೀರಿ. ಎಲ್ಲೋ ಒಂದು ಕಡೆ ಸೇರಿಸಲು ಮರೆಯುತ್ತೀರಿ. ಒಂದೇ ಫೋನ್ ಎರಡು ಕಾಲಂನಲ್ಲಿ ಕಾಣುತ್ತದೆ, ಅಥವಾ ಯಾವುದರಲ್ಲೂ ಕಾಣುವುದಿಲ್ಲ. ಗಿರಾಕಿ ಮುಂದೆ ನಿಂತಾಗ ಅವರ ಫೋನ್ ಪಟ್ಟಿಯಲ್ಲೇ ಇಲ್ಲ ಅಂದರೆ ಅಂಗಡಿಯವರಿಗೆ ಹೇಗಿರುತ್ತದೆ, ಅಲ್ವಾ?

ವ್ಯೂ ನಕಲು ಮಾಡಿದ ಡೇಟಾ ಅಲ್ಲ. ಒಂದೇ ರಿಜಿಸ್ಟರ್ ಮೇಲೆ ಕಿಂಡಿ ಕತ್ತರಿಸಿದ ರಟ್ಟು ಇಟ್ಟು ಬೇಕಾದ ಸಾಲು ಮಾತ್ರ ಓದಿದ ಹಾಗೆ.

ಮೂಲ ಪಟ್ಟಿ ಯಾವ ಬಗೆಯದಾಗಿರಬೇಕು?

ಅಬ್ಸರ್ವಬಲ್‌ಕಲೆಕ್ಷನ್. ಸಾಲು ಸೇರಿದ್ದು, ಹೋದದ್ದು ಎರಡನ್ನೂ ಅದು ತಾನೇ ಸಾರಿ ಹೇಳುತ್ತದೆ. ಹೊಸ ಐಟಂ ಬಂದಾಗ ಪ್ರತಿಯೊಂದು ವ್ಯೂ ತನ್ನ ಫಿಲ್ಟರ್‌ನಲ್ಲಿ ಅದನ್ನು ಹಾಯಿಸಿ, ಪಾಸಾದರೆ ಸೇರಿಸಿಕೊಳ್ಳುತ್ತದೆ. ಸಾಮಾನ್ಯ ಲಿಸ್ಟ್ ಆದರೆ ನೀವೇ ಪ್ರತಿ ವ್ಯೂಗೂ ರಿಫ್ರೆಶ್ ಹೇಳಬೇಕು, ಅಂದರೆ ಫಿಲ್ಟರ್ ಮತ್ತೆ ಓಡಿಸಬೇಕು.

ಕಾರ್ಡ್‌ನ ಸ್ಥಿತಿ "ರಿಪೇರಿಯಲ್ಲಿ" ಇಂದ "ಮುಗಿದಿದೆ" ಆಯಿತು. ಆದರೆ ನಡುವಿನ ಕಾಲಂ ಬಿಟ್ಟು ಕದಲುತ್ತಿಲ್ಲ.

ಸಾಲು ಸೇರುವುದು ಬೇರೆ, ಇರುವ ಸಾಲಿನ ಒಳಗೆ ಏನೋ ಬದಲಾಗುವುದು ಬೇರೆ. ಮೊದಲನೆಯದನ್ನು ವ್ಯೂ ಗಮನಿಸುತ್ತದೆ. ಎರಡನೆಯದನ್ನು ತಾನಾಗಿ ಗಮನಿಸುವುದಿಲ್ಲ. ಒಮ್ಮೆ ಪಾಸಾದ ಐಟಂ ಮುಂದಿನ ರಿಫ್ರೆಶ್ ತನಕ ಪಾಸೇ.

ದಾರಿ ಎರಡಿವೆ. ಸ್ಥಿತಿ ಬದಲಾದಾಗ ವ್ಯೂಗಳಿಗೆ ರಿಫ್ರೆಶ್ ಹೇಳುವುದು ಒಂದು. ಕಾರ್ಡ್‌ಗಳು ಕಡಿಮೆ ಇದ್ದು ಬದಲಾವಣೆ ಅಪರೂಪವಾಗಿದ್ದರೆ ಇದೇ ಸಾಕು. ಇನ್ನೊಂದು ಲೈವ್ ಫಿಲ್ಟರಿಂಗ್. 2012ರಲ್ಲಿ ಬಂದ ಡಾಟ್‌ನೆಟ್ 4.5ರಿಂದ ಇದು ಇದೆ. ಕಲೆಕ್ಷನ್‌ವ್ಯೂಸೋರ್ಸ್‌ನಲ್ಲಿ ಈಸ್‌ಲೈವ್‌ಫಿಲ್ಟರಿಂಗ್‌ರಿಕ್ವೆಸ್ಟೆಡ್ ಅನ್ನು ಟ್ರೂ ಮಾಡಿ, ಯಾವ ಪ್ರಾಪರ್ಟಿ ಗಮನಿಸಬೇಕು ಅಂತ ಲೈವ್‌ಫಿಲ್ಟರಿಂಗ್‌ಪ್ರಾಪರ್ಟೀಸ್‌ಗೆ ಅದರ ಹೆಸರು ಸೇರಿಸಿ. ನಮ್ಮ ಉದಾಹರಣೆಯಲ್ಲಿ ಅದು ಸ್ಥಿತಿ. ಕಾರ್ಡ್‌ನ ಕ್ಲಾಸ್ ಐನೋಟಿಫೈಪ್ರಾಪರ್ಟಿಚೇಂಜ್ಡ್ ಪಾಲಿಸಬೇಕು, ಇಲ್ಲದಿದ್ದರೆ ಬದಲಾವಣೆ ಯಾರ ಕಿವಿಗೂ ಬೀಳುವುದಿಲ್ಲ. ಇಷ್ಟಾದ ಮೇಲೆ ಸ್ಥಿತಿ ಬದಲಿಸಿದರೆ ಸಾಕು, ಕಾರ್ಡ್ ನಡುವಿನಿಂದ ಬಲಗಡೆಗೆ ತಾನೇ ಹಾರುತ್ತದೆ. ನೋಡಲು ಖುಷಿಯಾಗುತ್ತದೆ.

ಲೈವ್ ಫಿಲ್ಟರಿಂಗ್ ಹಾಕಿದ್ದೇನೆ. ಹುಡುಕುವ ಬಾಕ್ಸ್‌ನಲ್ಲಿ ಟೈಪ್ ಮಾಡಿದರೆ ಏನೂ ಆಗುತ್ತಿಲ್ಲವಲ್ಲ?

ಲೈವ್ ಫಿಲ್ಟರಿಂಗ್ ಕಣ್ಣಿಟ್ಟಿರುವುದು ಐಟಂಗಳ ಪ್ರಾಪರ್ಟಿ ಮೇಲೆ. ಹುಡುಕುವ ಪದ ಐಟಂ ಒಳಗಿಲ್ಲ, ಹೊರಗಿದೆ. ಅದು ಬದಲಾದಾಗ ನೀವೇ ರಿಫ್ರೆಶ್ ಹೇಳಬೇಕು. "ಇವತ್ತು ಬಂದವು" ಅನ್ನುವಂಥ ಫಿಲ್ಟರ್‌ಗೂ ಇದೇ ಕಥೆ. ರಾತ್ರಿ 12 ಆದರೂ ಐಟಂನಲ್ಲಿ ಏನೂ ಬದಲಾಗಿರುವುದಿಲ್ಲ, ಬದಲಾದದ್ದು ದಿನ. ಸಾಫ್ಟ್‌ವೇರ್ ರಾತ್ರಿಯಿಡೀ ತೆರೆದಿರುವ ಕಡೆ ಒಂದು ಟೈಮರ್ ಇಡಿ.

ಪ್ರತಿ ಅಕ್ಷರಕ್ಕೂ ರಿಫ್ರೆಶ್ ಮಾಡಿದರೆ ಟೈಪಿಂಗ್ ತೊದಲುತ್ತದೆ.

ಟೆಕ್ಸ್ಟ್‌ಬಾಕ್ಸ್‌ನ ಬೈಂಡಿಂಗ್‌ನಲ್ಲಿ ಡಿಲೇ ಅಂತ ಒಂದು ಪ್ರಾಪರ್ಟಿ ಇದೆ, ಅದೂ 4.5ರಲ್ಲಿ ಬಂದದ್ದು. 300 ಮಿಲಿಸೆಕೆಂಡ್ ಕೊಟ್ಟು ನೋಡಿ. ಬೆರಳು ನಿಂತ ಮೇಲೆ ಒಮ್ಮೆ ಮಾತ್ರ ಫಿಲ್ಟರ್ ಓಡುತ್ತದೆ.

ಅದಕ್ಕೂ ಮೊದಲು ಫಿಲ್ಟರ್ ಫಂಕ್ಷನ್ ಒಳಗೆ ಏನಿದೆ ನೋಡಿ. ರಿಫ್ರೆಶ್ ಆದಾಗಲೆಲ್ಲ ಅದು ಪ್ರತಿ ಐಟಂಗೂ ಒಮ್ಮೆ ಓಡುತ್ತದೆ. 5,000 ಕಾರ್ಡ್, ಮೂರು ವ್ಯೂ ಅಂದರೆ 15,000 ಸಲ. ಬರೀ ಹೋಲಿಕೆ ಆದರೆ ಇದು ಕಂಪ್ಯೂಟರ್‌ಗೆ ಏನೂ ಅಲ್ಲ. ಆದರೆ ಅದರೊಳಗೆ ಡೇಟಾಬೇಸ್ ಕೇಳುವುದು, ಫೈಲ್ ಓದುವುದು ಇದ್ದರೆ ಸ್ಕ್ರೀನ್ ನಿಂತೇ ಹೋಗುತ್ತದೆ. ಪ್ರತಿ ಸಲ ಎರಡೂ ಪದಗಳನ್ನು ಸಣ್ಣಕ್ಷರಕ್ಕೆ ತಿರುಗಿಸುವುದೂ ದಂಡ. ದೊಡ್ಡಕ್ಷರ ಸಣ್ಣಕ್ಷರ ಬಿಟ್ಟು ಹೋಲಿಸಲು ಆರ್ಡಿನಲ್‌ಇಗ್ನೋರ್‌ಕೇಸ್ ಇದೆ, ಅದು ಹೊಸ ಸ್ಟ್ರಿಂಗ್ ಹುಟ್ಟಿಸುವುದಿಲ್ಲ.

ಫಿಲ್ಟರ್, ವಿಂಗಡಣೆ, ಗುಂಪು ಮೂರನ್ನೂ ಒಟ್ಟಿಗೆ ಬದಲಿಸುವುದಿದ್ದರೆ ಡಿಫರ್‌ರಿಫ್ರೆಶ್ ಒಳಗೆ ಮಾಡಿ. ಇಲ್ಲದಿದ್ದರೆ ಪ್ರತಿ ಬದಲಾವಣೆಗೂ ಒಂದೊಂದು ರಿಫ್ರೆಶ್ ಬೀಳುತ್ತದೆ. ಇನ್ನೊಂದು ವಿಷಯ: ಗುಂಪು ಮಾಡಿದ ತಕ್ಷಣ ನಿಧಾನವಾಯಿತು ಅಂದರೆ ತಪ್ಪು ಫಿಲ್ಟರ್‌ನದಲ್ಲ. ಗುಂಪು ಮಾಡಿದಾಗ ವರ್ಚುವಲೈಸೇಶನ್ ನಿಂತುಹೋಗಿ, ಕಾಣದ ಸಾಲುಗಳನ್ನೂ ಡಬ್ಲ್ಯುಪಿಎಫ್ ಕಟ್ಟುತ್ತಿರುತ್ತದೆ. ವರ್ಚುವಲೈಸಿಂಗ್‌ಪ್ಯಾನಲ್‌ನ ಈಸ್‌ವರ್ಚುವಲೈಸಿಂಗ್‌ವೆನ್‌ಗ್ರೂಪಿಂಗ್ ಅನ್ನು ಟ್ರೂ ಮಾಡಿ. ವಿಂಗಡಣೆಯೇ ಭಾರ ಅನ್ನಿಸಿದರೆ ಸಾರ್ಟ್‌ಡಿಸ್ಕ್ರಿಪ್ಶನ್ ಬಿಟ್ಟು ಲಿಸ್ಟ್‌ಕಲೆಕ್ಷನ್‌ವ್ಯೂನ ಕಸ್ಟಮ್‌ಸಾರ್ಟ್‌ಗೆ ನಿಮ್ಮದೇ ಹೋಲಿಕೆ ಕೊಡಿ.

ಗಿರಾಕಿಯ ಹೆಸರು ಕನ್ನಡದಲ್ಲಿದೆ. ಅದೇ ಹೆಸರು ಟೈಪ್ ಮಾಡಿದರೂ ಸಿಗುತ್ತಿಲ್ಲ!

ನಮ್ಮಂಥ ಲಿಪಿಗಳವರಿಗೆ ಬರುವ ತಲೆನೋವು ಇದು, ಇಂಗ್ಲಿಷ್ ಪುಸ್ತಕಗಳಲ್ಲಿ ಉತ್ತರ ಸಿಗುವುದು ಕಷ್ಟ. ಎರಡು ಕಾರಣ ಇರಬಹುದು.

"ರಾಜ್‌ಕುಮಾರ್" ಅನ್ನುವ ಹೆಸರಿನಲ್ಲಿ ಜ್ ಮತ್ತು ಕು ಒತ್ತಕ್ಷರ ಆಗದೆ ಬಿಡಿಬಿಡಿಯಾಗಿ ನಿಲ್ಲಬೇಕಾದರೆ ನಡುವೆ ಕಣ್ಣಿಗೆ ಕಾಣದ ಒಂದು ಅಕ್ಷರ ಕೂರುತ್ತದೆ. ಅದರ ಹೆಸರು ಝೀರೋ ವಿಡ್ತ್ ನಾನ್ ಜಾಯ್ನರ್. ಹೆಸರು ದಾಖಲಿಸಿದವರು ಅದನ್ನು ಹಾಕಿರುತ್ತಾರೆ, ಹುಡುಕುವವರು ಹಾಕಿರುವುದಿಲ್ಲ. ಅಕ್ಷರಕ್ಕೆ ಅಕ್ಷರ ಹೋಲಿಸಿದರೆ ಎರಡೂ ಬೇರೆ.

ಎರಡನೆಯದು ಇನ್ನೂ ಸೂಕ್ಷ್ಮ. ಕೊ, ಕೋ, ಕೀ, ಕೇ ಇಂಥವುಗಳ ಸ್ವರಚಿಹ್ನೆಯನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಇಡಬಹುದು, ತುಂಡುಗಳನ್ನು ಜೋಡಿಸಿಯೂ ಇಡಬಹುದು. ಸ್ಕ್ರೀನ್ ಮೇಲೆ ಎರಡೂ ಒಂದೇ ಥರ ಕಾಣುತ್ತವೆ. ಹಳೆಯ ಫೈಲ್‌ನಿಂದ ತಂದ ಡೇಟಾದಲ್ಲಿ ಇದು ಬರಬಹುದು.

ಮದ್ದು ಸರಳ. ಹುಡುಕಲಿಕ್ಕೆ ಅಂತಲೇ ಕಾರ್ಡ್‌ನಲ್ಲಿ ಇನ್ನೊಂದು ಪ್ರಾಪರ್ಟಿ ಇಡಿ. ಹೆಸರು ಬದಲಾದಾಗ ಮಾತ್ರ ಅದನ್ನು ತುಂಬಿಸಿ: ಸ್ಟ್ರಿಂಗ್‌ನ ನಾರ್ಮಲೈಸ್ ಕರೆಯಿರಿ, ಕಾಣದ ಆ ಅಕ್ಷರವನ್ನು ತೆಗೆದುಹಾಕಿ, ಕನ್ನಡ ಅಂಕಿ ಇದ್ದರೆ 0-9ಕ್ಕೆ ತಿರುಗಿಸಿ. ಹುಡುಕುವ ಪದಕ್ಕೂ ಇದನ್ನೇ ಮಾಡಿ, ಆಮೇಲೆ ಹೋಲಿಸಿ. ನಾರ್ಮಲೈಸ್ ಒಂದೇ ಸಾಲದು, ಅದು ಕಾಣದ ಅಕ್ಷರವನ್ನು ಹಾಗೇ ಬಿಡುತ್ತದೆ. ತೋರಿಸುವ ಹೆಸರನ್ನು ಮಾತ್ರ ಮುಟ್ಟಬೇಡಿ.

ಎರಡು ಫಿಲ್ಟರ್ ಒಟ್ಟಿಗೆ ಬೇಕು: ಸ್ಥಿತಿಯೂ ಹೊಂದಬೇಕು, ಹುಡುಕುವ ಪದವೂ ಇರಬೇಕು.

ವ್ಯೂನ ಫಿಲ್ಟರ್ ಪ್ರಾಪರ್ಟಿಯಲ್ಲಿ ಒಂದೇ ಫಂಕ್ಷನ್‌ಗೆ ಜಾಗ. ಅದರೊಳಗೇ ಎರಡೂ ಶರತ್ತು ಬರೆಯಿರಿ. ಕಲೆಕ್ಷನ್‌ವ್ಯೂಸೋರ್ಸ್‌ನ ಈವೆಂಟ್‌ಗಾದರೆ ಹಲವು ಹ್ಯಾಂಡ್ಲರ್ ಕೊಡಬಹುದು. ಆದರೆ ಯಾವ ಹ್ಯಾಂಡ್ಲರ್ ಕೂಡ ಆಕ್ಸೆಪ್ಟೆಡ್ ಅನ್ನು ಟ್ರೂ ಮಾಡಬಾರದು. ಮೊದಲೇ ಅದು ಟ್ರೂ ಇರುತ್ತದೆ. ಹಿಂದಿನವರು ಬೇಡ ಅಂದದ್ದನ್ನು ಮುಂದಿನವರು ಬೇಕು ಅಂದರೆ ಕೊನೆಯವರ ಮಾತೇ ನಡೆಯುತ್ತದೆ.

ಲಿಸ್ಟ್‌ಬಾಕ್ಸ್ ತೆರೆದ ಕೂಡಲೇ ಮೊದಲ ಸಾಲು ತಾನೇ ಆಯ್ಕೆಯಾಗಿ ಕೂತಿರುತ್ತದೆ. ಮೊದಲು ಹೀಗಿರಲಿಲ್ಲ.

ಪಟ್ಟಿಗೆ ನೇರ ಬೈಂಡ್ ಮಾಡಿದ್ದಾಗ ಇರಲಿಲ್ಲ, ಈಗ ಸ್ವಂತ ವ್ಯೂ ಕೊಟ್ಟ ಮೇಲೆ ಬಂದಿದೆ. ಒಂದೇ ಆಯ್ಕೆಯ ಲಿಸ್ಟ್‌ಬಾಕ್ಸ್‌ಗೆ ಡಿಫಾಲ್ಟ್ ಅಲ್ಲದ ವ್ಯೂ ಸಿಕ್ಕರೆ ಅದು ವ್ಯೂನ ಪ್ರಸ್ತುತ ಐಟಂ ಜೊತೆ ಹೆಜ್ಜೆ ಹಾಕತೊಡಗುತ್ತದೆ. ಪ್ರಸ್ತುತ ಐಟಂ ಶುರುವಿನಲ್ಲಿ ಮೊದಲನೆಯದೇ. ಬೇಡ ಅಂದರೆ ಈಸ್‌ಸಿಂಕ್ರನೈಸ್ಡ್‌ವಿತ್‌ಕರೆಂಟ್‌ಐಟಂ ಅನ್ನು ಫಾಲ್ಸ್ ಮಾಡಿ.

ಪ್ರತಿ ಕಾಲಂನ ತಲೆಯ ಮೇಲೆ ಎಷ್ಟು ಕಾರ್ಡ್ ಇವೆ ಅಂತ ತೋರಿಸಬೇಕು.

ವ್ಯೂನ ಕೌಂಟ್‌ಗೆ ಬೈಂಡ್ ಮಾಡಿ, ಬದಲಾದಾಗ ತಾನೇ ತಿಳಿಸುತ್ತದೆ. ಕೋಡ್‌ನಲ್ಲಿ ಐಕಲೆಕ್ಷನ್‌ವ್ಯೂ ಇಂಟರ್‌ಫೇಸ್‌ನಲ್ಲಿ ಕೌಂಟ್ ಕಾಣದು. ಗಾಬರಿ ಬೇಡ, ಅದು ಕಲೆಕ್ಷನ್‌ವ್ಯೂ ಕ್ಲಾಸ್‌ನಲ್ಲಿದೆ.

ಡೇಟಾಗ್ರಿಡ್‌ನಲ್ಲಿ ಹೊಸ ಸಾಲು ತುಂಬಿ ಎಂಟರ್ ಒತ್ತಿದರೆ ಸಾಲು ಮಾಯ. ಡೇಟಾ ಕಳೆದುಹೋಯಿತಾ?

ಇಲ್ಲ. ತುಂಬುವ ತನಕ ಫಿಲ್ಟರ್ ಆ ಸಾಲನ್ನು ಬಿಟ್ಟಿರುತ್ತದೆ. ಮುಗಿಸಿದ ಕ್ಷಣ ಪರೀಕ್ಷೆ ಆಗುತ್ತದೆ, ಫೇಲಾದರೆ ವ್ಯೂನಿಂದ ಹೊರಗೆ. ಮೂಲ ಪಟ್ಟಿಯಲ್ಲಿ ಅದು ಭದ್ರವಾಗಿದೆ. ಆದರೆ ಬಳಸುವವರಿಗೆ ಅದು ಹೇಗೆ ಗೊತ್ತಾಗಬೇಕು? ಅವರು ಇನ್ನೊಮ್ಮೆ ಟೈಪ್ ಮಾಡುತ್ತಾರೆ, ಒಂದೇ ಫೋನ್‌ಗೆ ಎರಡು ಕಾರ್ಡ್ ಆಗುತ್ತದೆ. ಫಿಲ್ಟರ್ ಹಾಕಿದ ಗ್ರಿಡ್‌ನಲ್ಲಿ ಹೊಸ ಸಾಲು ಸೇರಿಸಲು ಬಿಡಲೇಬಾರದು ಅನ್ನುವುದು ನನ್ನ ಅಭಿಪ್ರಾಯ. ಪ್ರತ್ಯೇಕ ಡಯಲಾಗ್ ಇಡಿ.

ಹಾಗೆಯೇ, ಸೆಲ್ ಎಡಿಟ್ ನಡೆಯುತ್ತಿರುವಾಗ ರಿಫ್ರೆಶ್ ಕರೆದರೆ ಎಕ್ಸೆಪ್ಶನ್ ಬರುತ್ತದೆ. ಟೈಮರ್‌ನಿಂದ ರಿಫ್ರೆಶ್ ಮಾಡುವವರು ಈಸ್‌ಎಡಿಟಿಂಗ್‌ಐಟಂ ಮತ್ತು ಈಸ್‌ಆ್ಯಡಿಂಗ್‌ನ್ಯೂ ಎರಡನ್ನೂ ನೋಡಿಕೊಂಡು ಮುಂದುವರಿಯಿರಿ.

ಹಿನ್ನೆಲೆ ಥ್ರೆಡ್‌ನಿಂದ ಪಟ್ಟಿಗೆ ಸೇರಿಸಿದರೆ ನಾಟ್‌ಸಪೋರ್ಟೆಡ್‌ಎಕ್ಸೆಪ್ಶನ್ ಬರುತ್ತಿದೆ.

ವ್ಯೂ ಯುಐ ಥ್ರೆಡ್‌ಗೆ (ಸ್ಕ್ರೀನ್‌ನ ಕೆಲಸ ನೋಡಿಕೊಳ್ಳುವ ಥ್ರೆಡ್) ಸೇರಿದ್ದು, ಬೇರೆ ಥ್ರೆಡ್‌ನಿಂದ ಪಟ್ಟಿ ಬದಲಾದರೆ ಒಪ್ಪುವುದಿಲ್ಲ. ಯುಐ ಥ್ರೆಡ್‌ಗೆ ಕೆಲಸ ಕಳಿಸುವ ಡಿಸ್ಪ್ಯಾಚರ್ ಮೂಲಕ ಸೇರಿಸಿ. ಜಾಸ್ತಿ ಸಲ ಸೇರಿಸುವುದಿದ್ದರೆ ಬೈಂಡಿಂಗ್‌ಆಪರೇಶನ್ಸ್‌ನ ಎನೇಬಲ್‌ಕಲೆಕ್ಷನ್‌ಸಿಂಕ್ರನೈಸೇಶನ್ ಇದೆ. ಅದನ್ನು ಯುಐ ಥ್ರೆಡ್‌ನಲ್ಲಿ ಕರೆಯಬೇಕು, ಒಂದು ಲಾಕ್ ಕೊಡಬೇಕು. ನಿಮ್ಮ ಕೋಡ್ ಕೂಡ ಪಟ್ಟಿ ಮುಟ್ಟುವಾಗ ಅದೇ ಲಾಕ್ ಹಿಡಿಯಬೇಕು.

ಬೇಕಾದಷ್ಟು ವ್ಯೂ ಮಾಡುತ್ತ ಹೋದರೆ ಮೆಮೊರಿಗೆ ತೊಂದರೆಯಾ?

ಮುಖ್ಯ ವಿಂಡೋದಲ್ಲಿ ಮೂರೋ ಆರೋ ವ್ಯೂ ಇದ್ದರೆ ಯೋಚನೆ ಬೇಡ. ಅಪಾಯ ಬೇರೆ ಕಡೆ ಇದೆ. ಪಟ್ಟಿ ಅಪ್ಲಿಕೇಶನ್ ಮುಚ್ಚುವ ತನಕ ಬದುಕಿರುತ್ತದೆ, ಆದರೆ ಡಯಲಾಗ್ ತೆರೆದಾಗಲೆಲ್ಲ ನೀವು ಹೊಸ ಲಿಸ್ಟ್‌ಕಲೆಕ್ಷನ್‌ವ್ಯೂ ಮಾಡುತ್ತೀರಿ. ಆ ವ್ಯೂ ಪಟ್ಟಿಯ ಈವೆಂಟ್‌ಗೆ ಚಂದಾದಾರ ಆಗಿರುವುದರಿಂದ ಡಯಲಾಗ್ ಮುಚ್ಚಿದರೂ ಪಟ್ಟಿ ಅದನ್ನು ಹಿಡಿದೇ ಇರುತ್ತದೆ. ಮುಚ್ಚುವಾಗ ಡಿಟ್ಯಾಚ್‌ಫ್ರಮ್‌ಸೋರ್ಸ್‌ಕಲೆಕ್ಷನ್ ಕರೆಯಿರಿ.

ನಾನು ವಿಂಡೋಸ್ ಫಾರ್ಮ್ಸ್, ಕ್ಯೂಟಿ ಅಥವಾ ಜಾವಾದಲ್ಲಿ ಬರೆಯುತ್ತೇನೆ. ನನಗೇನು?

ವಿಂಡೋಸ್ ಫಾರ್ಮ್ಸ್‌ನಲ್ಲಿ ಡೇಟಾಟೇಬಲ್‌ಗೆ ಡಿಫಾಲ್ಟ್‌ವ್ಯೂ ಇದೆ. ಅದನ್ನು ಹಂಚಿಕೊಂಡರೆ ಮೇಲಿನ ಮೊದಲ ಪ್ರಶ್ನೆಯೇ ನಿಮಗೂ ಎದುರಾಗುತ್ತದೆ. ಅದೇ ಟೇಬಲ್ ಮೇಲೆ ಪ್ರತಿ ಗ್ರಿಡ್‌ಗೂ ಒಂದು ಹೊಸ ಡೇಟಾವ್ಯೂ ಮಾಡಿ, ರೋಫಿಲ್ಟರ್ ಬೇರೆ ಬೇರೆ ಕೊಡಿ. ಬೈಂಡಿಂಗ್‌ಸೋರ್ಸ್‌ನ ಫಿಲ್ಟರ್ ಕೆಲಸ ಮಾಡಬೇಕಾದರೆ ಒಳಗಿರುವ ಪಟ್ಟಿಗೆ ಫಿಲ್ಟರ್ ಗೊತ್ತಿರಬೇಕು. ಸಾಮಾನ್ಯ ಲಿಸ್ಟ್ ಕೊಟ್ಟರೆ ದೂರನ್ನೂ ಹೇಳದೆ ಸುಮ್ಮನಿರುತ್ತದೆ.

ಕ್ಯೂಟಿಯಲ್ಲಿ ಈ ವ್ಯವಸ್ಥೆ ನನ್ನ ಪ್ರಕಾರ ಎಲ್ಲಕ್ಕಿಂತ ಸ್ವಚ್ಛ. ಮೂಲ ಮಾಡೆಲ್ ಒಂದು, ಅದರ ಮೇಲೆ ಬೇಕಾದಷ್ಟು ಕ್ಯೂಸಾರ್ಟ್‌ಫಿಲ್ಟರ್‌ಪ್ರಾಕ್ಸಿಮಾಡೆಲ್. ಹಂಚಿಕೊಂಡ ಡಿಫಾಲ್ಟ್ ಅನ್ನುವುದೇ ಇಲ್ಲ, ಆದ್ದರಿಂದ ಗೊಂದಲವೂ ಇಲ್ಲ. ಆದರೆ ಪ್ರಾಕ್ಸಿಯ ಸಾಲಿನ ಸಂಖ್ಯೆ ಬೇರೆ, ಮೂಲದ್ದು ಬೇರೆ. ಮೂರನೇ ಸಾಲು ಕ್ಲಿಕ್ ಆಯಿತು ಅಂತ ಮೂಲದ ಮೂರನೇ ಸಾಲು ಅಳಿಸಿದರೆ ಕೆಲಸ ಕೆಟ್ಟಂತೆ. ಮ್ಯಾಪ್‌ಟುಸೋರ್ಸ್ ಮೂಲಕವೇ ಹೋಗಿ. ಜಾವಾ ಸ್ವಿಂಗ್‌ನ ಜೆಟೇಬಲ್‌ನಲ್ಲೂ ಇದೇ ಬಲೆ ಇದೆ, ಅಲ್ಲಿ ಕನ್ವರ್ಟ್‌ರೋಇಂಡೆಕ್ಸ್‌ಟುಮಾಡೆಲ್ ಬಳಸಬೇಕು.

ಜಾವಾಎಫ್‌ಎಕ್ಸ್‌ನಲ್ಲಿ ಒಂದೇ ಅಬ್ಸರ್ವಬಲ್‌ಲಿಸ್ಟ್ ಮೇಲೆ ಹಲವು ಫಿಲ್ಟರ್ಡ್‌ಲಿಸ್ಟ್ ಮಾಡಬಹುದು. ಟೇಬಲ್‌ವ್ಯೂನಲ್ಲಿ ಕಾಲಂ ಕ್ಲಿಕ್ ಮಾಡಿ ವಿಂಗಡಿಸಬೇಕಾದರೆ ಅದನ್ನು ಸಾರ್ಟೆಡ್‌ಲಿಸ್ಟ್‌ನಲ್ಲಿ ಸುತ್ತಿ, ಟೇಬಲ್‌ನ ಕಂಪ್ಯಾರೇಟರ್ ಜೊತೆ ಬೈಂಡ್ ಮಾಡಿ. ಜಿಟಿಕೆ 4ರಲ್ಲಿ ಜಿಟಿಕೆಫಿಲ್ಟರ್‌ಲಿಸ್ಟ್‌ಮಾಡೆಲ್ ಇದೆ. ಫಿಲ್ಟರ್ ಬಿಗಿಯಾಯಿತೋ ಸಡಿಲವಾಯಿತೋ ಅಂತ ಅದಕ್ಕೆ ಸುಳಿವು ಕೊಡಬಹುದು. ಪದಕ್ಕೆ ಒಂದಕ್ಷರ ಸೇರಿತು ಅಂದರೆ ಈಗ ಕಾಣುತ್ತಿರುವುದನ್ನು ಮಾತ್ರ ಮತ್ತೆ ನೋಡಿದರೆ ಸಾಕಲ್ಲ. ಈ ಜಾಣತನ ಡಬ್ಲ್ಯುಪಿಎಫ್‌ಗೂ ಬರಬೇಕಿತ್ತು.

ಡಬ್ಲ್ಯುಪಿಎಫ್ ಕೋಡನ್ನು ವಿನ್‌ಯುಐಗೆ ಹಾಗೇ ಒಯ್ಯಬಹುದಾ?

ಆಗುವುದಿಲ್ಲ. ವಿನ್‌ಯುಐ ಮೈಕ್ರೋಸಾಫ್ಟ್‌ನದೇ ಹೊಸ ಟೂಲ್‌ಕಿಟ್. ಕಲೆಕ್ಷನ್‌ವ್ಯೂಸೋರ್ಸ್ ಅನ್ನುವ ಹೆಸರು ಅಲ್ಲೂ ಇದೆ, ಆದರೆ ಫಿಲ್ಟರ್ ಇಲ್ಲ, ವಿಂಗಡಣೆಯೂ ಇಲ್ಲ. ಕಮ್ಯುನಿಟಿ ಟೂಲ್‌ಕಿಟ್‌ನ ಅಡ್ವಾನ್ಸ್ಡ್‌ಕಲೆಕ್ಷನ್‌ವ್ಯೂ ಆ ಕೊರತೆ ತುಂಬುತ್ತದೆ.

ಎಷ್ಟು ಸಾಲು ಆದ ಮೇಲೆ ಈ ದಾರಿ ಬಿಡಬೇಕು?

ಒಂದು ಅಂಗಡಿಯ ಕಾರ್ಡ್‌ಗಳು ಸಾವಿರಗಳಲ್ಲಿರುವಾಗ ವ್ಯೂಗಳೇ ಸರಿ. ಲಕ್ಷಗಟ್ಟಲೆ ಹಳೆಯ ಕಾರ್ಡ್‌ಗಳನ್ನೂ ತೆರೆದಾಗಲೇ ಮೆಮೊರಿಗೆ ತುಂಬಿ ಆಮೇಲೆ ಮರೆಮಾಡುವುದು ಸರಿಯಲ್ಲ. ಹಳೆಯದನ್ನು ಡೇಟಾಬೇಸ್‌ನಲ್ಲೇ ಸೋಸಿ, ಚಾಲ್ತಿಯಲ್ಲಿರುವುದನ್ನು ಮಾತ್ರ ತನ್ನಿ.

ಹುಡುಗರಿಗೆ ಮಾಲೀಕರ ಲಾಭದ ಸಾಲು ಕಾಣಬಾರದು. ಫಿಲ್ಟರ್ ಹಾಕಿದರೆ ಸಾಕಾ?

ಸಾಲದು. ಫಿಲ್ಟರ್ ಸ್ಕ್ರೀನ್‌ನಿಂದ ಮಾತ್ರ ಮರೆಮಾಡುತ್ತದೆ. ಡೇಟಾ ಆ ಕಂಪ್ಯೂಟರ್‌ನ ಮೆಮೊರಿಯಲ್ಲಿ ಹಾಗೇ ಇರುತ್ತದೆ. ಫಿಲ್ಟರ್ ತೆಗೆಯುವ ಬಟನ್ ಎಲ್ಲೋ ಇದ್ದರೆ ಎರಡೇ ಕ್ಲಿಕ್‌ಗೆ ಹೊರಬರುತ್ತದೆ, ಎಕ್ಸೆಲ್‌ಗೆ ಕಳಿಸುವ ಕೋಡ್ ವ್ಯೂ ಬಿಟ್ಟು ಮೂಲ ಪಟ್ಟಿಯಿಂದ ಓದಿದರೆ ಕ್ಲಿಕ್ ಕೂಡ ಬೇಕಿಲ್ಲ. ಯಾರು ಲಾಗಿನ್ ಆಗಿದ್ದಾರೆ ಅಂತ ನೋಡಿ, ಅವರು ನೋಡಬಾರದ್ದನ್ನು ಡೇಟಾಬೇಸ್‌ನಿಂದ ತರಲೇಬೇಡಿ.